ಸಹಾಯ ಬೇಕು: ಹಳೆಯ ಹಿತ್ತಾಳೆ ಪಂಜಾ ಸೀಳು ಬಿಟ್ಟಿದೆ

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಮೊಹರಂಗೆ ಕೂರಿಸುವ ಹಳೆಯ ಹಿತ್ತಾಳೆ ಪಂಜಾ (ಕೋಲಿನ ತುದಿಗೆ ಸಿಕ್ಕಿಸುವ ಅಂಗೈ ಆಕಾರದ ಲಾಂಛನ) ಇದೆ. ಅಂಗೈ ನಡುವೆ ತಗಡನ್ನೇ ಕೊರೆದು ಅರಬ್ಬಿ ಅಕ್ಷರ ಬಿಡಿಸಿದ್ದಾರೆ, ಬಹಳ ನಾಜೂಕು ಕೆಲಸ. ಎರಡೂ ಪಕ್ಕ ಬಾಯಿ ತೆರೆದ ಡ್ರ್ಯಾಗನ್ ತಲೆ. ಇರಾನಿನ ಸಫವಿ ರಾಜವಂಶದ ಕಾಲದ ಅಲಂಗಳಲ್ಲೂ (ಮೆರವಣಿಗೆಯಲ್ಲಿ ಹಿಡಿಯುವ ಲೋಹದ ಲಾಂಛನಗಳು) ಇಂಥವೇ ಡ್ರ್ಯಾಗನ್ ತಲೆಗಳಿವೆ.

ಈಗ ಕೋಲು ಸಿಕ್ಕಿಸುವ ಕೊಳವೆ ಬುಡದಲ್ಲಿ ಸೀಳು ಬಿಟ್ಟಿದೆ. ವೆಲ್ಡಿಂಗ್ ಮಾಡಿಸಿ ಅಂತಾರೆ. ಜಾಸ್ತಿ ಬಿಸಿ ಆದರೆ ಹಿತ್ತಾಳೆಯೊಳಗಿನ ಸತು ಆವಿಯಾಗುತ್ತೆ, ತೆಳು ಅಕ್ಷರಗಳು ಸೊಟ್ಟಗಾಗುತ್ತವೆ ಅಲ್ವಾ? ಬೆಳ್ಳಿ ಬೆಸುಗೆ ಸಾಕಾಗುತ್ತಾ? ಹುಣಸೆಹಣ್ಣಲ್ಲಿ ತಿಕ್ಕಿ ತಿಕ್ಕಿ ಕೆತ್ತನೆ ಸವೆದಿದೆ, ಅದನ್ನು ನಿಲ್ಲಿಸಲು ಹಿರಿಯರು ಒಪ್ಪಿದ್ದಾರೆ. ಬದಲಿಗೆ ಏನು ಬಳಸಬೇಕು?

ಬೀದರ್, ಕಲಬುರಗಿ, ವಿಜಯಪುರ ಕಡೆ ಹಳೆಯ ಹಿತ್ತಾಳೆ ಕೆಲಸ ಬಲ್ಲವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮೊಹರಂ ಒಳಗೆ ರಿಪೇರಿ ಆಗಲೇಬೇಕು.