ಯೋಗ ಇಲ್ಲ ಅಂದರೆ ಓದು ಬಿಡಬೇಕಾ?

ಕುಂಬಳೆಯಿಂದ ಬಂದ ಪ್ರಶ್ನೆ:
ನನಗೆ 29 ವರ್ಷ. ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಕ್ಲರ್ಕ್ ಪರೀಕ್ಷೆ ಎರಡು ಸಲ ಬರೆದೆ. ಕಳೆದ ಸಲ ಎರಡೇ ಅಂಕಕ್ಕೆ ಲಿಸ್ಟ್ ತಪ್ಪಿತು. ಜತೆಗೆ ಓದಿದವನಿಗೆ ಸಿಕ್ಕಿತು. "ನಿನಗೆ ಸರ್ಕಾರಿ ಕೆಲಸದ ಯೋಗ ಇಲ್ಲ" ಅಂತಾರೆ ಮನೆಯಲ್ಲಿ. ಇನ್ನೊಮ್ಮೆ ಬರೆಯಲಾ? ನಿಮಗೆ ಹೀಗಾದಾಗ ಏನು ಮಾಡಿದಿರಿ?

ಬದಿಯಡ್ಕದಿಂದ:
ನಾನು ಮೂರನೇ ಸಲಕ್ಕೆ ಪಾಸಾದವಳು. ಮೊದಲೆರಡು ಸಲ ನನ್ನ ಮನೆಯಲ್ಲೂ ಇದೇ ಮಾತು. ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡಿದ್ದೆವು. ಅದು ನನಗೆ ಧೈರ್ಯ ಕೊಟ್ಟಿತು, ಸುಳ್ಳು ಹೇಳುವುದಿಲ್ಲ.

ಆದರೆ ಕಣ್ಣು ತೆರೆದದ್ದು ಹಳೇ ಪ್ರಶ್ನೆಪತ್ರಿಕೆ, ಉತ್ತರ ಸೂಚಿ ಎರಡನ್ನೂ ಎದುರಿಗಿಟ್ಟುಕೊಂಡು ಕೂತ ದಿನ. ಗೊತ್ತಿಲ್ಲದೆ ಸುಮ್ನೆ ಗುರುತು ಹಾಕಿದ್ದು 20 ಪ್ರಶ್ನೆಗೆ. ಸರಿಯಾದದ್ದು 4, ತಪ್ಪಾದದ್ದು 16. ಒಂದು ತಪ್ಪಿಗೆ ಮೂರನೇ ಒಂದು ಅಂಕ ಕಳೆಯುತ್ತಾರಲ್ವಾ, ಐದಕ್ಕಿಂತ ಜಾಸ್ತಿ ಅಂಕ ಹೋಗಿತ್ತು. ಆ 20ನ್ನು ಮುಟ್ಟದೇ ಇದ್ದಿದ್ದರೇ ಲಾಭ.

ಆಮೇಲೆ ಲೆಕ್ಕ ಹಾಕಿದೆ. ಉತ್ತರಕ್ಕೆ ನಾಲ್ಕು ಆಯ್ಕೆ. ನಾಲ್ಕು ಪ್ರಶ್ನೆಗೆ ಕಣ್ಣುಮುಚ್ಚಿ ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದ ಒಂದು ಅಂಕ ಹಾಗೇ ಹೋಗುತ್ತದೆ. ಆದರೆ ಎರಡು ಆಯ್ಕೆಯನ್ನು ಖಂಡಿತ ಅಲ್ಲ ಅನ್ನುವಷ್ಟು ಓದಿದ್ದರೆ, ಆರು ಪ್ರಶ್ನೆಯಲ್ಲಿ ಮೂರು ಸರಿ, ಮೂರು ತಪ್ಪು. ಕಳೆದು ಉಳಿಯುವುದು ಎರಡು ಅಂಕ. ನಿಮಗೆ ತಪ್ಪಿದ್ದೂ ಎರಡೇ ಅಂಕ ನೋಡಿ! ಮೂರನೇ ಸಲ ನಾನು ಹೊಸ ಪುಸ್ತಕ ಕೊಳ್ಳಲಿಲ್ಲ. ಅರ್ಧ ಗೊತ್ತಿದ್ದ ಪಾಠಗಳನ್ನೇ ಮತ್ತೆ ಮತ್ತೆ ಓದಿದೆ.

ಪೆರ್ಲದಿಂದ:
ನಾನು ಪರೀಕ್ಷೆ ಬರೆದವನಲ್ಲ, ಅಡಿಕೆ ತೋಟದವನು. ಮಳೆ ನಮ್ಮ ಕೈಯಲ್ಲಿಲ್ಲ. ಒಂದು ವರ್ಷ ಮೈಲುತುತ್ತು, ಸುಣ್ಣ ತಂದಿಟ್ಟೂ ಮದ್ದು ಬಿಡುವುದನ್ನು (ಸಿಂಪಡಿಸುವುದನ್ನು) ನಾಳೆ ನಾಡಿದ್ದು ಅಂತ ಮುಂದೂಡಿದೆ. ಮಳೆ ಹಿಡಿಯಿತು, ಕೊಳೆರೋಗ ಬಂತು, ಎಳೆ ಅಡಿಕೆ ಉದುರಿತು. ಹಣೆಬರಹ ಅಂದುಕೊಂಡೆ. ಪಕ್ಕದ ತೋಟಕ್ಕೂ ಅದೇ ಮಳೆ. ಅವರು ಮಳೆಗಾಲ ಶುರುವಾಗುವ ಮೊದಲೇ ಬಿಟ್ಟಿದ್ದರು. ಅಂದಿನಿಂದ ನಾನೂ ಮೇ ತಿಂಗಳಲ್ಲೇ ಬಿಡುತ್ತೇನೆ. ಕೆಲವು ವರ್ಷ ಹಾಗೆ ಮಾಡಿಯೂ ನಷ್ಟ ಆಗಿದೆ, ಅದೂ ನಿಜ.

ಮಂಜೇಶ್ವರದಿಂದ:
ಅದೃಷ್ಟ ಅನ್ನುವುದೇ ಇಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನಾನು ರ‍್ಯಾಂಕ್ ಲಿಸ್ಟಿನಲ್ಲಿದ್ದೆ. ಆ ಲಿಸ್ಟಿಗೆ ಹೆಚ್ಚೆಂದರೆ ಮೂರು ವರ್ಷ ಆಯುಸ್ಸು. ಖಾಲಿ ಹುದ್ದೆ ಬೇಕಾದಷ್ಟು ಬರಲಿಲ್ಲ, ನನ್ನ ಸರದಿ ಬರುವ ಮೊದಲೇ ಲಿಸ್ಟ್ ಮುಗಿಯಿತು. ನನ್ನ ತಪ್ಪಲ್ಲ. ತುಂಬಾ ಅತ್ತಿದ್ದೇನೆ. ಆ ಮೇಲೆ ಒಂದೇ ಪರೀಕ್ಷೆಗೆ ಕಾಯುವುದು ಬಿಟ್ಟೆ. ಕನ್ನಡ, ಮಲಯಾಳ ಎರಡೂ ಗೊತ್ತಿರುವವರಿಗೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಬೇರೆಯೇ ಹುದ್ದೆ ಕರೆಯುತ್ತಾರೆ. ಮಲಯಾಳ ಓದಲು ಬರುತ್ತಿತ್ತು, ಬರೆಯಲು ಕಲಿತೆ. ಕೆಲಸ ಸಿಕ್ಕಿದ್ದು ಅಲ್ಲೇ.

ನಿಮಗೆ ಮಲಯಾಳ ಬರೆಯಲು ಬರುತ್ತದಾ? ಇಲ್ಲದಿದ್ದರೆ ಈಗಲೇ ಶುರು ಮಾಡಿ. ಸಾಮಾನ್ಯ ವರ್ಗಕ್ಕೇ ಕ್ಲರ್ಕ್ ಹುದ್ದೆಗೆ 36ರವರೆಗೆ ಅವಕಾಶ ಇದೆ. ನಿಮಗೆ ಇನ್ನೂ ಏಳು ವರ್ಷ ಇದೆ.