ಕಾಂಡ್ಲಾ ಗಿಡದಲ್ಲಿ ಕಂಡ ಕಂದು ಹಕ್ಕಿ ಯಾವುದು?

ಕಾನುಮನೆ (ಹೊಸನಗರ):
ದೀಪಾವಳಿ ರಜೆಯಲ್ಲಿ ಮನೆಯವರ ಜೊತೆ ಹೊನ್ನಾವರಕ್ಕೆ ಹೋಗಿದ್ದೆ. ಶರಾವತಿ ಸಮುದ್ರ ಸೇರುವ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಲಗೆ ದಾರಿ ಇದೆಯಲ್ಲ, ಅಲ್ಲಿ. ಇಳಿತದ ಹೊತ್ತು. ಕೆಸರಿನಲ್ಲಿ ಏಡಿಗಳು ಓಡಾಡುತ್ತಿದ್ದವು. ಬೇರುಗಳ ಒಳಗಿಂದ ಒಂದು ಪುಟ್ಟ ಹಕ್ಕಿ ಮೇಲೆ ಬಂತು. ಬೆನ್ನು ಕಂದು, ಹೊಟ್ಟೆ ಮಾಸಲು ಬಿಳಿ. ರೆಕ್ಕೆಯಲ್ಲಿ ಪಟ್ಟೆ ಗಿಟ್ಟೆ ಏನೂ ಇಲ್ಲ. ಫೋಟೊ ಹಾಕಿದ್ದೇನೆ, ಮಸುಕಾಗಿದೆ. ಇಪ್ಪತ್ತು ಸೆಕೆಂಡಿನ ವಿಡಿಯೊ ಕೂಡ ಇದೆ. ಫೋನಿನ ಆ್ಯಪ್ 'ಮ್ಯಾಂಗ್ರೋವ್ ವಿಸ್ಲರ್' ಅಂತ ತೋರಿಸಿತು. ನಮ್ಮ ಕರಾವಳಿಯಲ್ಲಿ ಈ ಹಕ್ಕಿ ಇದೆಯಾ?

ತುಂಗೆದಂಡೆ (ತೀರ್ಥಹಳ್ಳಿ):
ಕಂದು ಬೆನ್ನು, ಬಿಳಿ ಹೊಟ್ಟೆ, ಕಾಂಡ್ಲಾ ಕಾಡು. ಮೂರೂ ಹೊಂದುತ್ತವೆ ಅಲ್ವಾ? ವಿಸ್ಲರ್ ಇರೋದೇ ಮ್ಯಾಂಗ್ರೋವಿನಲ್ಲಿ. ನನಗಂತೂ ಅದೇ ಅನಿಸುತ್ತದೆ. ಹೌದಾದರೆ ದೊಡ್ಡ ಸುದ್ದಿ ಮಾರಾಯ್ರೇ!

ಸಾಗರದ ಮೇಷ್ಟ್ರು:
ಸ್ವಲ್ಪ ನಿಲ್ಲಿ. ವಿಸ್ಲರ್ ಇರೋದು ಆ ಕಡೆ ಕರಾವಳಿಯಲ್ಲಿ. ಒಡಿಶಾದ ಭಿತರ್‌ಕನಿಕಾ, ಬಂಗಾಳದ ಸುಂದರಬನ, ಅಂಡಮಾನ್, ಅಲ್ಲಿಂದ ಮುಂದೆ ಮಲೇಷ್ಯಾ, ಬೋರ್ನಿಯೊ ಕಡೆ. ವರ್ಷಪೂರ್ತಿ ಅಲ್ಲೇ ಇರುವ ಹಕ್ಕಿ ಅದು, ವಲಸೆ ಹೋಗುವುದಲ್ಲ. ಇಡೀ ದಕ್ಷಿಣ ಭಾರತ ದಾಟಿ ಹೊನ್ನಾವರಕ್ಕೆ ಬಂತು ಅನ್ನಬೇಕಾದರೆ ಮಸುಕು ಫೋಟೊ ಸಾಕಾಗುವುದಿಲ್ಲ. ಆ್ಯಪ್ ಹೇಳಿದ್ದನ್ನು ಸುಮ್ನೆ ಒಪ್ಪಿಕೊಳ್ಳಬೇಡಿ, ಅದಕ್ಕೆ ಕಂಡದ್ದು ಬಣ್ಣ ಮಾತ್ರ. ಹಕ್ಕಿಯ ಕೊಕ್ಕು ನೋಡಿ. ವಿಸ್ಲರ್‌ಗೆ ದಪ್ಪ ಕಪ್ಪು ಕೊಕ್ಕು, ಗುಂಡು ತಲೆ. ಇದರದು ತೆಳು, ಉದ್ದ. ಹಣೆ ಚಪ್ಪಟೆ, ಇಳಿಜಾರಾಗಿ ಹೋಗಿ ಕೊಕ್ಕಿಗೇ ಸೇರುತ್ತದೆ. ಇದು ಜೊಂಡು ಉಲಿಯಕ್ಕಿಗಳ ಗುಂಪಿನದು, ನಾವು ರೀಡ್ ವಾರ್ಬ್ಲರ್ ಅಂತೀವಲ್ಲ, ಅದು.

ತುಂಗೆದಂಡೆ:
ಸರ್, ಎಲ್ಲಾ ಹೊಸ ದಾಖಲೆಗಳೂ ಮೊದಲು ಹೀಗೇ ಅಲ್ವಾ? 'ಇಲ್ಲಿ ಇಲ್ಲ' ಅನ್ನುವುದೇ ಕಾರಣವಾದರೆ ಹೊಸದು ಯಾವತ್ತೂ ಸಿಗುವುದಿಲ್ಲ.

ಸಾಗರದ ಮೇಷ್ಟ್ರು:
ನಿಮ್ಮ ಮಾತು ಸರಿ. ಅದಕ್ಕೇ ನಾನು ಜಾಗ ಒಂದನ್ನೇ ಹಿಡಿದುಕೊಂಡಿಲ್ಲ, ಕೊಕ್ಕಿನ ಬಗ್ಗೆ ಹೇಳಿದೆ. ಫೋಟೊ ದೊಡ್ಡದು ಮಾಡಿ, ಕೆಳಗಿನ ಕೊಕ್ಕು ನೋಡಿ. ಬುಡದಲ್ಲಿ ತಿಳಿ ಗುಲಾಬಿ, ತುದಿ ಕಪ್ಪು. ವಿಸ್ಲರ್‌ನಲ್ಲಿ ಇದು ಹೇಗೆ ಬರುತ್ತದೆ?

ಅಘನಾಶಿನಿ ಅಳಿಯ (ಸೊರಬ):
ಮೇಷ್ಟ್ರೇ, ಉಲಿಯಕ್ಕಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಯಾವುದು? ನನ್ನ ಮಾವನ ಮನೆ ಕುಮಟಾ ಹತ್ತಿರ. ಕಾಂಡ್ಲಾ ಅಂದ ಕೂಡಲೇ ನನಗೆ ನೆನಪಾಗೋದು ಕ್ಲಾಮರಸ್ ರೀಡ್ ವಾರ್ಬ್ಲರ್. ಅದು ಜೊಂಡಿನಲ್ಲಿ ಇರುವ ಹಾಗೆ ಮ್ಯಾಂಗ್ರೋವಿನಲ್ಲೂ ಇರುತ್ತದೆ. ಬಣ್ಣವೂ ಇದೇ ಥರ.

ಕಾನುಮನೆ:
ಅದು ಎಷ್ಟು ದೊಡ್ಡದಿರುತ್ತದೆ ಅಣ್ಣ?

ಅಘನಾಶಿನಿ ಅಳಿಯ:
ಪಿಕಳಾರಕ್ಕಿಂತ ಸ್ವಲ್ಪ ಚಿಕ್ಕದು. 18-20 ಸೆಂ.ಮೀ. ಇರಬಹುದು.

ಬೇಲಿಯಂಚು (ಕೊಪ್ಪ):
ವಿಡಿಯೊ ಎಲ್ಲರೂ ಕೊನೆವರೆಗೆ ನೋಡಿದ್ರಾ? ನಾನು ನಾಲ್ಕು ಸಲ ನೋಡಿದೆ. ಹದಿಮೂರನೇ ಸೆಕೆಂಡಿನಲ್ಲಿ ಅದೇ ಕೊಂಬೆಗೆ ಒಂದು ಸಿಂಪಿಗ (ಟೈಲರ್ ಬರ್ಡ್) ಬಂದು ಕೂರುತ್ತದೆ. ಬಾಲ ಎತ್ತಿಕೊಂಡು, ತಲೆ ಮೇಲೆ ಕೆಂಪು. ಅದರಲ್ಲಿ ಅನುಮಾನವೇ ಇಲ್ಲ. ಒಂದು ಕ್ಷಣ ಎರಡೂ ಪಕ್ಕಪಕ್ಕ ಇವೆ. ನಮ್ಮ ಕಂದು ಹಕ್ಕಿ ಸಿಂಪಿಗಕ್ಕಿಂತ ಒಂದು ಚೂರು ದೊಡ್ಡದು, ಅಷ್ಟೇ. ಕ್ಲಾಮರಸ್ ಆಗಿದ್ದರೆ ಸಿಂಪಿಗ ಅದರ ಮುಂದೆ ಮರಿ ಥರ ಕಾಣಬೇಕಿತ್ತು. ಇದು ಬ್ಲೈತ್ಸ್ ರೀಡ್ ವಾರ್ಬ್ಲರ್. ಹುಬ್ಬಿನ ಗೆರೆ ನೋಡಿ, ಕಣ್ಣಿನ ಮುಂದೆ ಮಾತ್ರ ತಿಳಿಯಾಗಿ ಕಾಣುತ್ತದೆ, ಹಿಂದಕ್ಕೆ ಹೋಗುವುದೇ ಇಲ್ಲ. ಇದೇ ಗುಂಪಿನ ಪ್ಯಾಡಿಫೀಲ್ಡ್ ವಾರ್ಬ್ಲರ್ ಆಗಿದ್ದರೆ ಗೆರೆ ಕಣ್ಣಿನ ಹಿಂದೆಯೂ ಎದ್ದು ಕಾಣುತ್ತಿತ್ತು.

ಸಾಗರದ ಮೇಷ್ಟ್ರು:
ಸಿಂಪಿಗವನ್ನು ನಾನು ಗಮನಿಸಿರಲೇ ಇಲ್ಲ. ಇದಕ್ಕಿಂತ ಒಳ್ಳೆ ಅಳತೆಗೋಲು ಬೇಕಾ! ಬ್ಲೈತ್ಸ್ ಅನ್ನುವುದಕ್ಕೆ ನನ್ನದೂ ಮತ.

ತುಂಗೆದಂಡೆ:
ಬ್ಲೈತ್ಸ್ ಅಂದರೆ ನಮ್ಮ ಕಾಫಿ ಗಿಡದಲ್ಲಿ, ಲಂಟಾನದಲ್ಲಿ ಇರುವ ಹಕ್ಕಿ. ಉಪ್ಪುನೀರಿನ ಕೆಸರಲ್ಲಿ ಅದಕ್ಕೇನು ಕೆಲಸ?

ಬೇಲಿಯಂಚು:
ಹುಳ ಹಿಡಿಯುವ ಕೆಲಸ! ಹೆಸರಲ್ಲಿ ಜೊಂಡು ಇದ್ದರೂ ಅದಕ್ಕೆ ಜೊಂಡೇ ಬೇಕು ಅಂತೇನಿಲ್ಲ. ಒತ್ತಾದ ಪೊದೆ, ಪೊದೆ ತುಂಬಾ ಹುಳ, ಇಷ್ಟಿದ್ದರೆ ಸಾಕು. ಫಿನ್ಲೆಂಡ್, ರಷ್ಯಾ, ಸೈಬೀರಿಯಾ ಕಡೆ ಮರಿ ಮಾಡಿ ಚಳಿಗಾಲಕ್ಕೆ ಭಾರತ, ಶ್ರೀಲಂಕಾಕ್ಕೆ ಬರುತ್ತದೆ. ಅಷ್ಟು ದೂರ ಹಾರಿ ಬಂದ ಹಕ್ಕಿಗೆ ಘಟ್ಟದ ಮೇಲೆ, ಘಟ್ಟದ ಕೆಳಗೆ ಅನ್ನುವ ಲೆಕ್ಕ ಎಲ್ಲಿ ಬರುತ್ತದೆ? ಕಾಂಡ್ಲಾ ಕಾಡಲ್ಲಿ ಕಂಡ ಹಕ್ಕಿಗಳೆಲ್ಲ ಕಾಂಡ್ಲಾ ಹಕ್ಕಿಗಳಲ್ಲ. ಆ ಸಿಂಪಿಗವೂ ನಿಮ್ಮ ಅಂಗಳದ್ದೇ ಅಲ್ವಾ?

ಅಘನಾಶಿನಿ ಅಳಿಯ:
ಅಳತೆ ವಿಷಯ ಒಪ್ಪಿದೆ. ಆದರೂ ಕೂಗು ಕೇಳದೆ ಪೂರ್ತಿ ಹೇಳಲಾರೆ. ವಿಡಿಯೊದಲ್ಲಿ ಬರೀ ಗಾಳಿ ಸದ್ದು. ಕಾನುಮನೆಯವರೇ, ಏನಾದರೂ ಕೇಳಿಸಿತ್ತಾ?

ಕಾನುಮನೆ:
'ಚಕ್... ಚಕ್' ಅಂತ. ನಾಲಿಗೆ ಲೊಟಗುಟ್ಟಿದ ಹಾಗೆ, ಬಿಟ್ಟು ಬಿಟ್ಟು. ಸಿಳ್ಳೆಯಂತೂ ಇರಲಿಲ್ಲ.

ಸಾಗರದ ಮೇಷ್ಟ್ರು:
ವಿಸ್ಲರ್ ಹೆಸರೇ ಸಿಳ್ಳೆಯಿಂದ ಬಂದದ್ದು. ಜೋರಾಗಿ ಕೆಲವು ಸ್ವರ ಎಳೆದು, ಕೊನೆಯದನ್ನು ಥಟ್ ಅಂತ ಸಿಡಿಸುತ್ತದೆ. ಹಕ್ಕಿ ಸುಮ್ಮನಿರುವುದೂ ಉಂಟು, ಆದರೆ 'ಚಕ್' ಅನ್ನುವುದು ಉಲಿಯಕ್ಕಿಯ ಮಾತು.

ಅಘನಾಶಿನಿ ಅಳಿಯ:
ಕ್ಲಾಮರಸ್ ಕೂಡ 'ಚಕ್' ಅನ್ನುತ್ತದೆ ಮೇಷ್ಟ್ರೇ, ಇನ್ನೂ ಗಡುಸಾಗಿ. ಅದಕ್ಕೇ ಕೇಳಿದ್ದು.

ಬೇಲಿಯಂಚು:
ಕಾನುಮನೆ ತಮ್ಮಾ, ಒಂದು ಕೆಲಸ ಮಾಡು. ನಾಳೆ ಬೆಳಗ್ಗೆ ನಿಮ್ಮ ಹಿತ್ತಲಿನ ಬೇಲಿ ಹತ್ತಿರ ಹತ್ತು ನಿಮಿಷ ಅಲುಗಾಡದೆ ನಿಲ್ಲು. ಸೆಪ್ಟೆಂಬರ್ ಕಳೆದ ಮೇಲೆ ನಮ್ಮ ಮಲೆನಾಡಿನಲ್ಲಿ ಬ್ಲೈತ್ಸ್ ಇಲ್ಲದ ಬೇಲಿ ಕಮ್ಮಿ. ಹಕ್ಕಿ ಕಾಣುವುದು ಕಷ್ಟ, ಕೂಗು ಕೇಳುತ್ತದೆ. ಹೊನ್ನಾವರದಲ್ಲಿ ಕೇಳಿದ್ದು ಅದೇನಾ ಅಂತ ನೀನೇ ಹೇಳು.

ಕಾನುಮನೆ (ಮರುದಿನ):
ಅಕ್ಕಾ, ನಿಂತೆ. ಕೊಟ್ಟಿಗೆ ಹಿಂದೆ ಲಂಟಾನ ಇದೆ. ಮೊದಲು ಬರೀ ಎಲೆ ಅಲುಗುತ್ತಿತ್ತು. ಆಮೇಲೆ 'ಚಕ್'. ನಾಲ್ಕೈದು ಸೆಕೆಂಡ್ ಬಿಟ್ಟು ಮತ್ತೆ 'ಚಕ್'. ಅದೇ ಸದ್ದು! ಎಷ್ಟೋ ವರ್ಷದಿಂದ ಕೇಳಿದ್ದೇನೆ, ಯಾವುದೋ ಹುಳ ಅಂದುಕೊಂಡಿದ್ದೆ. ಕೊನೆಗೆ ಒಂದು ಕಡ್ಡಿ ಮೇಲೆ ಬಂದು ಕೂತಿತು. ಚಪ್ಪಟೆ ಹಣೆ, ಗುಲಾಬಿ ಬುಡದ ಕೊಕ್ಕು. ಕೊಕ್ಕಲ್ಲಿ ಒಂದು ಹಸಿರು ಹುಳ ಇತ್ತು. ಅದನ್ನು ಕಡ್ಡಿಗೆ ಎರಡು ಸಲ ಬಡಿದು ನುಂಗಿ ಒಳಗೆ ಹೋಯಿತು. ರೆಕಾರ್ಡ್ ಮಾಡಿ ಹಾಕಿದ್ದೇನೆ, ಕೇಳಿ.

ತುಂಗೆದಂಡೆ:
ಕೇಳಿದೆ. ವಿಸ್ಲರ್ ಅನ್ನುವ ನನ್ನ ಮಾತು ವಾಪಸ್ ತೆಗೆದುಕೊಂಡೆ. ಇದು ನಮ್ಮ ತೋಟದಲ್ಲೂ ಕೂಗುತ್ತದೆ.

ಅಘನಾಶಿನಿ ಅಳಿಯ:
ಹಿತ್ತಲಿನದು ಬ್ಲೈತ್ಸ್, ಖಂಡಿತ. ಹೊನ್ನಾವರದ್ದೂ ಅದೇ ಅಂತ ಮುಕ್ಕಾಲು ಪಾಲು ಒಪ್ಪಿದೆ. ಜನವರಿಯಲ್ಲಿ ಮಾವನ ಮನೆಗೆ ಹೋಗುವವನಿದ್ದೇನೆ. ಇಳಿತದ ಹೊತ್ತು ನೋಡಿಕೊಂಡು ಆ ಹಲಗೆ ದಾರಿಗೆ ಹೋಗಿ ಕೂಗು ರೆಕಾರ್ಡ್ ಮಾಡಿ ತರುತ್ತೇನೆ. ಕಾನುಮನೆಯವರೇ, ಯಾವ ತಿರುವಿನ ಹತ್ತಿರ ಕಂಡದ್ದು ಅಂತ ಒಂದು ಸಾಲು ಬರೆದುಬಿಡಿ.