ಪದಚರ್ಚೆ: ‘ಟೈಮ್‌ಔಟ್’ ಆಯಿತು ಅನ್ನೋದಕ್ಕೆ ಏನು ಹೇಳುತ್ತೀರಿ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರಿಗಾಗಿ ಒಂದು ಪುಟ್ಟ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪನ್ನು ನೆಟ್‌ವರ್ಕ್ ಮೂಲಕ ಬೂಟ್ ಮಾಡಿ ಇಮೇಜ್ (ಒಂದು ಲ್ಯಾಪ್‌ಟಾಪಿನಲ್ಲಿರುವ ಸಿಸ್ಟಂ, ಸಾಫ್ಟ್‌ವೇರ್ ಎಲ್ಲದರ ಪೂರ್ತಿ ನಕಲು) ಹಾಕುವುದು ಹೇಗೆ, ಬೂಟ್ ಆಗದಿದ್ದರೆ ಎಲ್ಲೆಲ್ಲಿ ನೋಡಬೇಕು ಅನ್ನುವುದು ವಿಷಯ. ಬೂಟ್, ಸರ್ವರ್, ಐಪಿ, ಕೇಬಲ್ ಎಲ್ಲ ಹಾಗೇ ಇರಲಿ. ಅವು ಎಲ್ಲರ ಬಾಯಲ್ಲೂ ಇವೆ, ಸುಮ್ನೆ ಹೊಸ ಪದ ಹುಟ್ಟಿಸುವುದು ಬೇಡ. ನನಗೆ ತೊಡಕಾಗಿರುವುದು ‘ಟೈಮ್‌ಔಟ್’, ಅಂದರೆ ಕೇಳಿದ್ದಕ್ಕೆ ಉತ್ತರ ಬಾರದೆ ಮೆಷಿನ್ ಕಾಯುವುದನ್ನು ನಿಲ್ಲಿಸುವುದು.

ಕಪ್ಪು ಪರದೆಯ ಮೇಲೆ ‘ಸ್ಟಾರ್ಟ್ ಪಿಎಕ್ಸ್‌ಇ ಓವರ್ ಐಪಿವಿ4’ ಎಂದು ಒಂದು ಸಾಲು ಬರುತ್ತದೆ (ಪಿಎಕ್ಸ್‌ಇ ಎಂದರೆ ನೆಟ್‌ವರ್ಕ್ ಮೂಲಕ ಬೂಟ್ ಆಗುವ ವಿಧಾನ). ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ‘ಪಿಎಕ್ಸ್‌ಇ-ಇ18: ಸರ್ವರ್ ರೆಸ್ಪಾನ್ಸ್ ಟೈಮ್‌ಔಟ್’. ಇದನ್ನು ‘ಅವಧಿ ಮೀರಿದೆ’ ಎಂದರೆ, ಯಾವುದರ ಅವಧಿ, ಲೈಸೆನ್ಸಿಂದಾ ಎಂದು ಕೇಳುತ್ತಾರೆ. ಕೇಳುವುದು ಸಹಜವೇ, ಅಲ್ವಾ? ‘ಗಡುವು ಮೀರಿತು’ ಇನ್ನೂ ಕಷ್ಟ. ಗಡುವು ಮೀರಿದ್ದು ಸರ್ವರ್ ಎಂದಾಯಿತು. ಓದಿದವರು ನೇರ ಸರ್ವರ್ ಕೋಣೆಗೆ ಓಡುತ್ತಾರೆ, ತಪ್ಪು ಅಲ್ಲಿ ಇಲ್ಲದಿದ್ದರೂ.

ಒಂದು ಉದಾಹರಣೆ ಕೊಡುತ್ತೇನೆ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ‘ನನಗೊಂದು ವಿಳಾಸ ಕೊಡಿ’ ಎಂದು ನೆಟ್‌ವರ್ಕಿಗೆಲ್ಲ ಕೇಳುವಂತೆ ಕೂಗುತ್ತದೆ. ಆದರೆ ಸ್ವಿಚ್‌ನಲ್ಲಿ ಹಳೆಯ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕಿನಲ್ಲಿ ಡೇಟಾ ಸುತ್ತುತ್ತಲೇ ಇರದಂತೆ ತಡೆಯುವ ವ್ಯವಸ್ಥೆ) ಇದ್ದರೆ, ಕೇಬಲ್ ಹಾಕಿದ ಪೋರ್ಟು ಮೊದಲು 15 ಸೆಕೆಂಡು ಆಲಿಸುತ್ತದೆ, ಮತ್ತೆ 15 ಸೆಕೆಂಡು ಕಲಿಯುತ್ತದೆ. ಆಮೇಲಷ್ಟೇ ದಾರಿ ಬಿಡುವುದು. ಅಲ್ಲಿಯವರೆಗಿನ ಕೂಗು ಸರ್ವರ್ ಕಿವಿಗೇ ಬೀಳುವುದಿಲ್ಲ. ಕೆಲವು ಲ್ಯಾಪ್‌ಟಾಪುಗಳು ಅಷ್ಟರಲ್ಲಿ ಬೇಸತ್ತು ಬಿಟ್ಟುಬಿಡುತ್ತವೆ. ಪರಿಹಾರ ಸ್ವಿಚ್‌ನಲ್ಲಿದೆ: ಆ ಪೋರ್ಟಿಗೆ ಪೋರ್ಟ್‌ಫಾಸ್ಟ್ (ಕಾಯಿಸದೆ ಕೂಡಲೇ ದಾರಿ ಬಿಡುವ ಸೆಟ್ಟಿಂಗ್) ಹಾಕಬೇಕು.

ಇನ್ನೊಂದು, ಫೈಲ್ ತರುವ ಹಂತದ್ದು. ಲ್ಯಾಪ್‌ಟಾಪಿಗೆ ವಿಳಾಸ ಸಿಕ್ಕಿದೆ. ಬೂಟ್ ಫೈಲ್ ಬೇಕು ಎಂದು ಟಿಎಫ್‌ಟಿಪಿಯಲ್ಲಿ (ಫೈಲ್ ತರುವ ಒಂದು ಸರಳ ವಿಧಾನ) ಸರ್ವರ್‌ನ 69ನೇ ಪೋರ್ಟಿಗೆ ಕೇಳುತ್ತದೆ. ಈ ಪೋರ್ಟ್ ಕೇಬಲ್ ಹಾಕುವ ತೂತಲ್ಲ, ಸರ್ವರ್ ಒಳಗಿನ ಒಂದು ಬಾಗಿಲಿನ ಸಂಖ್ಯೆ. ಸರ್ವರ್ ಉತ್ತರ ಕೊಡುವುದು ಮಾತ್ರ ಬೇರೆ ಪೋರ್ಟಿನಿಂದ. ಮಧ್ಯದ ಫೈರ್‌ವಾಲ್ 69ಕ್ಕೆ ಮಾತ್ರ ದಾರಿ ಬಿಟ್ಟಿದ್ದರೆ ಆ ಉತ್ತರ ಅಲ್ಲೇ ಬಿದ್ದುಹೋಗುತ್ತದೆ. ಹಳೆಯ ಬಯಾಸ್ ಮೆಷಿನ್ನುಗಳು ಇದನ್ನು ‘ಪಿಎಕ್ಸ್‌ಇ-ಇ32: ಟಿಎಫ್‌ಟಿಪಿ ಓಪನ್ ಟೈಮ್‌ಔಟ್’ ಎನ್ನುತ್ತವೆ. ಸರ್ವರ್ ಉತ್ತರ ‘ಕೊಡಲಿಲ್ಲ’ ಎಂದು ಬರೆದರೆ ಸುಳ್ಳು. ಉತ್ತರ ‘ಮುಟ್ಟಲಿಲ್ಲ’ ಎಂದರೆ ನಿಜ.

ಹಾಗಾಗಿ ನನ್ನ ಮನಸ್ಸು ಎರಡರ ನಡುವೆ ಇದೆ: ‘ಕಾದು ಕೈಬಿಟ್ಟಿತು’ ಮತ್ತು ‘ಉತ್ತರ ಮುಟ್ಟಲಿಲ್ಲ’. ಎರಡೂ ಲ್ಯಾಪ್‌ಟಾಪ್ ಕಡೆಯಿಂದ ಕಂಡದ್ದನ್ನಷ್ಟೇ ಹೇಳುತ್ತವೆ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಮೊದಲನೆಯದೇ ನನಗೆ ಜಾಸ್ತಿ ಇಷ್ಟ. ಆದರೆ ಅದು ಕ್ರಿಯಾಪದ. ‘ಟೈಮ್‌ಔಟ್ ಎಷ್ಟು ಸೆಕೆಂಡು ಇಡಬೇಕು?’ ಎನ್ನುವಲ್ಲಿ ಏನು ಮಾಡುವುದು? ‘ಕಾಯುವ ಹೊತ್ತು’ ಸಾಕೇ?

‘ಪಿಎಕ್ಸ್‌ಇ-ಇ16: ನೋ ವ್ಯಾಲಿಡ್ ಆಫರ್ ರಿಸೀವ್ಡ್’ ಕೂಡ ಇದೆ. ನಮ್ಮಲ್ಲಿ ಆಫರ್ ಎಂದರೆ ಆಷಾಢದ ಸೀರೆ ಅಂಗಡಿ ನೆನಪಾಗುತ್ತದೆ. ಅದಕ್ಕೆ ‘ಸರಿಯಾದ ವಿಳಾಸ ಯಾರಿಂದಲೂ ಸಿಗಲಿಲ್ಲ’ ಎಂದು ಬಿಡಿಸಿ ಬರೆದಿದ್ದೇನೆ. ಇದರಲ್ಲಿ ಚರ್ಚೆ ಬೇಡ ಅನಿಸುತ್ತದೆ.

ಕೊನೆಯದಾಗಿ ಇಮೇಜ್. ‘ಚಿತ್ರ’ ಎಂದರೆ ವಾಲ್‌ಪೇಪರ್ ಹಾಕಿಬಿಡುತ್ತಾರೆ. ‘ಪಡಿಯಚ್ಚು’ ಚೆನ್ನಾಗಿದೆ, ಮಗ ಅಪ್ಪನ ಪಡಿಯಚ್ಚು ಎನ್ನುತ್ತೇವಲ್ಲ. ಆದರೆ ಒಂದು ಲ್ಯಾಪ್‌ಟಾಪಿನಿಂದ ಇಮೇಜ್ ಮಾಡಿಕೊಳ್ಳುವುದು ಬೇರೆ, ಅದನ್ನು ಉಳಿದವಕ್ಕೆ ಹಾಕುವುದು ಬೇರೆ. ‘ಪಡಿಯಚ್ಚು ತೆಗೆ’ ಸರಿ. ಹಾಕುವುದಕ್ಕೆ ‘ಇಳಿಸು’ ಎಂದರೆ ಡೌನ್‌ಲೋಡ್ ಜೊತೆ ಗೊಂದಲ. ‘ಪಡಿಯಚ್ಚು ಹಾಕು’ ಯಾಕೋ ಪ್ರಿಂಟಿಂಗ್ ಪ್ರೆಸ್ ಮಾತಿನಂತೆ ಕೇಳಿಸುತ್ತದೆ. ನಿಮ್ಮ ಕಡೆಯ ಲ್ಯಾಬ್‌ಗಳಲ್ಲಿ ‘ಇಮೇಜ್ ಹಾಕೋದು’ ಬಿಟ್ಟು ಬೇರೆ ಮಾತು ಬಳಕೆಯಲ್ಲಿದೆಯೇ? ನಿಘಂಟಿನ ಪದ ಬೇಡ, ಕೆಲಸ ಮಾಡುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಬೇಕು.